ತುಂಬಿದ ಎರಡು ತೂತು

ಯಾರ್ಕ್‌ಟನ್ನಿನ ಬಂದೂಕು ಸಂತೆಯಲ್ಲಿ, ಬಾಗಿಲಿಂದ ಎಂಟನೆಯ ಮೇಜು.
ಕೊಂಡಾಗ ಅದು ಬಂದೂಕಿನಂತಿರಲಿಲ್ಲ,
ಕಂದು ಗ್ರೀಸಿನಲ್ಲಿ ಅದ್ದಿ ಮರೆತ ಒಂದು ಕೋಲು.
ಮಾರುವವನಿಗೆ ಹೆಸರೂ ನೆಟ್ಟಗೆ ಬಾರದು.
‘ರಷ್ಯದ್ದು. ಹಳೇದು. ಒದೆಯುತ್ತೆ’ ಅಂದ.
ಒದೆಯಲಿ. ಕತ್ತೆಯೂ ಒದೆಯುತ್ತದೆ.

ಮೂರು ದಿನ ಗ್ಯಾರೇಜಿನಲ್ಲಿ
ಸೀಮೆಎಣ್ಣೆ, ಚಿಂದಿಬಟ್ಟೆ, ಹಲ್ಲುಜ್ಜಿ ಸವೆದ ಬ್ರಷ್ಷು.
ಹೊರಗೆ ಮೈನಸ್ ಮೂವತ್ತೊಂದು.
ಹೀಟರಿನ ಮುಂದೆ ತೂಗುಹಾಕಿದರೆ ಮರ ಬೆವರಿತು,
ಎಂಬತ್ತು ವರ್ಷದ ಜಿಡ್ಡು ತೊಟ್ಟು ತೊಟ್ಟಾಗಿ
ಕೆಳಗೆ ಹಾಸಿದ್ದ ಪೇಪರಿನಲ್ಲಿ
ಗೋಧಿಯ ಧಾರಣೆಯ ಮೇಲೆ, ತೀರಿಕೊಂಡವರ ಫೋಟೋಗಳ ಮೇಲೆ.
ಆಮೇಲೆ ನಳಿಗೆಗೆ ಕುದಿನೀರು,
ಬಾಣಂತಿಗೆ ಎರೆದಂತೆ, ಅವಸರವಿಲ್ಲದೆ.
ಮೊದಲು ಮಸಿ, ಆಮೇಲೆ ಚಹಾದ ಬಣ್ಣ,
ಕೊನೆಗೆ ಬರೀ ನೀರು.
ಕಣ್ಣಿಟ್ಟು ನೋಡಿದೆ: ನಾಲ್ಕು ಗೀರು ಹೊರಳಿಕೊಂಡು
ಆ ತುದಿಯ ಬೆಳಕಿನ ಬಿಲ್ಲೆಯ ತನಕ ಓಡುತ್ತಿದ್ದವು.

ತ್ರಿಕೋನದೊಳಗೊಂದು ಬಾಣ. ಇಝೆವ್ಸ್ಕ್. ೧೯೪೩.
ಬೋಲ್ಟಿನ ನಂಬರು ಬೇರೆ ಯಾರದೋ ಕೈ.
ಎಡಗಡೆ ಉಕ್ಕು ಒರೆಸುವಾಗ ಹೆಬ್ಬೆರಳು ನಿಂತಿತು.
ಕಾಣುವುದಿಲ್ಲ, ತಾಗುತ್ತದೆ,
ವಾಸಿಯಾದ ಸಿಡುಬಿನ ಕಲೆಯ ಹಾಗೆ.
ಎರಡು ತೂತು. ಯಾರೋ ತುಂಬಿದ್ದಾರೆ:
ತಿರುಪು ಬಿಗಿದು, ಬೆಸುಗೆಯಿಟ್ಟು, ಅರ ಹಿಡಿದು ಉಜ್ಜಿ
ನೆರೆಯ ಉಕ್ಕಿಗೆ ಸಮಮಾಡಿದ್ದಾರೆ.
ನಳಿಗೆಯ ಬುಡದಲ್ಲಿ ಇನ್ನೊಂದು ನಂಬರು,
ಅದರ ಮೇಲೆ ಅಡ್ಡ ಒಂದು ಗೀಟು.
ಇದಕ್ಕೆ ದುರ್ಬೀನಿತ್ತು. ಕಿತ್ತಿದ್ದಾರೆ.

ಯುದ್ಧ ಮುಗಿದ ಮೇಲೆ ಯಾವುದೋ ಷೆಡ್ಡಿನಲ್ಲಿ
ದಿನಕ್ಕೆ ಇಷ್ಟೆಂದು ಲೆಕ್ಕ ಒಪ್ಪಿಸುತ್ತಿದ್ದ ಒಬ್ಬಾಕೆ
ಮರದ ಕಚ್ಚಿಗೂ ಬರ್ಚಿನ ಚೂರು ಕೂರಿಸಿದ್ದಾಳೆ,
ಅಂಗಿಯ ಮೊಣಕೈಗೆ ತೇಪೆ ಹಾಕಿದಂತೆ.
ಒಬ್ಬಾಕೆ ಅಂತ ಯಾಕೆಂದೆನೋ.
ತೇಪೆ ಅಷ್ಟು ಚೊಕ್ಕ.

ಓರ್ವಿಲ್ ಬಾಬಿಯಕ್ ಬಂದ, ಲೇತಿನ ಮನುಷ್ಯ.
‘ನಿನ್ನ ಅದೃಷ್ಟ ಕಣೋ. ಕೊರೆದು ಬಿಡಿಸೋಣ, ಅರ್ಧ ದಿನದ ಕೆಲಸ.
ಅದೇ ಕಾಲದ ದುರ್ಬೀನು ನನ್ನ ಹತ್ತಿರ ಇದೆ.’
ಕಾಲುಚೀಲದಿಂದ ತೆಗೆದು ಕೈಗಿಟ್ಟ.
ಕಿಟಕಿಗೆ ಹಿಡಿದೆ.
ಕೆಳಗಿನಿಂದೆದ್ದ ಚೂಪು ಗೂಟ,
ಎರಡು ಬದಿಯಿಂದ ಬಂದು ಕೂಡದೆ ನಿಂತ ಗೆರೆ,
ನಡುವೆ ಚೂರು ಜಾಗ.
ಅಲ್ಲಿ ಪೋಲ್ಯಾಳ ಹಸಿರು ಗೇಟು,
ಆಮೇಲೆ ಪೋಲ್ಯಾ,
ಹಿಮ ಗೋರುತ್ತ, ಬಾಯಲ್ಲಿ ಹಬೆ, ಏನೋ ಗೊಣಗುತ್ತ.
ಜಾಗ ಸರಿಯಾಗಿ ಅವಳಷ್ಟೇ ಅಗಲವಿತ್ತು.
ಕೆಳಗಿಟ್ಟೆ.

ನಾವು ದುಖೊಬೋರರು, ಬಂದೂಕು ಸುಟ್ಟ ಜನ.
ಕಾಕಸಸ್ಸಿನಲ್ಲಿ, ಪೇತ್ರನ ಹಬ್ಬದ ರಾತ್ರಿ,
ಇದ್ದ ಕೋವಿ ಕತ್ತಿ ಎಲ್ಲ ಒಟ್ಟಿ ಬೆಂಕಿಯಿಟ್ಟು
ಸುತ್ತ ನಿಂತು ಹಾಡಿದರಂತೆ.
ಆಮೇಲೆ ಕೊಸಾಕರ ಚಾವಟಿ, ಆಮೇಲೆ ಹಡಗು,
ಆಮೇಲೆ ಈ ಬಯಲು, ಈ ಗಾಳಿ.
ಅಜ್ಜಿ ಮಾಲಾಷಾ ಹಾಡಿನ ಸುದ್ದಿ ಎತ್ತುತ್ತಿರಲಿಲ್ಲ.
ಮರ ಬೇಗ ಉರಿಯಿತು, ಅನ್ನುತ್ತಿದ್ದಳು,
ಕಬ್ಬಿಣ ಮಾತ್ರ ಬೆಳಗಾದರೂ ಆರಿರಲಿಲ್ಲ,
ಒಂದು ಮಗು ಹೋಗಿ ಮುಟ್ಟಿತು.
ಆ ಮಗು ಅವಳ ತಾಯಿ.
ಅಂಗೈಯ ಕಲೆ ಸಾಯುವ ತನಕ ಹೊಳೆಯುತ್ತಿತ್ತಂತೆ,
ಹಿಟ್ಟು ನಾದುವಾಗಲೂ.

ನನ್ನ ಬೀರುವಿನಲ್ಲಿ ಇದು ಏಳನೆಯದು.
ಹೊಡೆಯುವುದು ಕಾಗದಕ್ಕೆ, ವರ್ಷಕ್ಕೆರಡು ಸಲ.
ಯಾಕಪ್ಪಾ ಅಂತ ಮಗಳು ಕೇಳುತ್ತಾಳೆ.
ಕೆಟ್ಟದ್ದನ್ನು ಸರಿಮಾಡೋದು ಇಷ್ಟ ಅನ್ನುತ್ತೇನೆ.
ಸುಳ್ಳಲ್ಲ. ಆದರೆ
ಇದು ಕೆಟ್ಟದ್ದು ಯಾವಾಗ? ಕೊರೆದಾಗಲೋ,
ಮುಚ್ಚಿದಾಗಲೋ?

‘ಶನಿವಾರ?’ ಅಂದ ಓರ್ವಿಲ್, ಹ್ಯಾಟು ಹಾಕಿಕೊಳ್ಳುತ್ತ.
‘ಬಿಟ್ ತಂದಿರು’ ಅಂದೆ.
ಯಾಕೆ ಹಾಗಂದೆನೋ.

ರಾತ್ರಿ ಅಗಸೆ ಎಣ್ಣೆ ಬೆಚ್ಚಗೆ ಮಾಡಿ
ಬರಿಗೈಯಲ್ಲಿ ಮರಕ್ಕೆ ತಿಕ್ಕಿದೆ.
ತೇಪೆಯ ಚೂರು ಸುತ್ತಲ ಮರಕ್ಕಿಂತ ಹೆಚ್ಚು ಕುಡಿಯುತ್ತದೆ.
ಹಚ್ಚಿದಷ್ಟೂ ಒಣಗಿತು.
ಮತ್ತೆ ಹಚ್ಚಿದೆ.